ಮನೆ ಕಟ್ಟುವಾಗ ಅವಳನ್ನು ಕೇಳಿದಿರಾ?

ಅರಬಿ ಭಾಷೆಯಲ್ಲಿ ಮನೆಗೆ ಹಲವು ಹೆಸರುಗಳಿವೆ. ಬೈತ್, ದಾರ್, ಮಂಝಿಲ್, ಮಸ್ಕನ್. ಮಕ್ಕಳಿಗೆ ಪಾಠ ಹೇಳುವಾಗ ನಾನು 'ಮಸ್ಕನ್' ಎಂಬ ಪದದ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮನಶ್ಶಾಂತಿ ಎಂಬ ಅರ್ಥದ 'ಸಕೀನ' ಕೂಡಾ ಅದೇ ಧಾತುವಿನಿಂದ ಹುಟ್ಟಿದ ಪದ. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ನೆನಪಿಸುವಾಗ ಮನೆಯನ್ನೂ ನೆನಪಿಸುತ್ತಾನೆ. ಅಲ್ಲಿಯೂ ಬಂದಿರುವುದು ಇದೇ ಧಾತು.

ಸಹೋದರಿಯರೇ, ಈಗ ನಮ್ಮ ಊರುಗಳಲ್ಲಿ ಏಳುತ್ತಿರುವ ಮನೆಗಳನ್ನು ಒಮ್ಮೆ ನೋಡಿ. ಮುಂದುಗಡೆ ಎತ್ತರದ ಕಂಬ, ಗ್ರಾನೈಟ್, ಬಣ್ಣದ ಗಾಜು. ಕೊಲ್ಲಿ ರಾಷ್ಟ್ರದ ಬಿಸಿಲಲ್ಲಿ ಬೆವರು ಸುರಿಸಿ ಗಳಿಸಿದ ಹಣವೆಲ್ಲ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ! ಹಿಂದುಗಡೆ ಅಡುಗೆಮನೆಗೆ ಹೋದರೆ ಸಂಜೆಯ ಬಿಸಿಲೆಲ್ಲ ಒಳಗೆ. ಬಟ್ಟೆ ಒಣಗಿಸಲು ಜಾಗವಿಲ್ಲ. ಬಾಣಂತಿ ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯೋಣವೆಂದರೆ ಹೊರಗಿನವರ ಕಣ್ಣಿಗೆ ಬೀಳದ ಒಂದು ಮೂಲೆಯಿಲ್ಲ. ಪ್ಲಾನ್ ಮಾಡಿದವರು ಯಾರೆಂದು ಕೇಳಿದರೆ ಇಂಜಿನಿಯರ್, ಯಜಮಾನರು, ಯಜಮಾನರ ಅಣ್ಣ ಎಂದು ಹೆಸರುಗಳು ಬರುತ್ತವೆ. ದಿನವಿಡೀ ಆ ಗೋಡೆಗಳ ನಡುವೆ ಇರುವವಳ ಹೆಸರು ಬರುವುದಿಲ್ಲ.

ಇಂತಹ ಮನೆಗಳಿಂದ ಚಹಾ ಕುಡಿದು ಹೊರಡುವಾಗಲೆಲ್ಲ ನನಗೆ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್‌ಹೀ ನೆನಪಾಗುತ್ತಾರೆ. ವಾಸ್ತುಶಿಲ್ಪಿ ಎಂದೊಡನೆ ನಾವು ಉಸ್ಮಾನಿ ಸುಲ್ತಾನರ ಸಿನಾನ್ ಹೆಸರು ಹೇಳುತ್ತೇವೆ, ತಾಜ್‌ಮಹಲಿನ ಉಸ್ತಾದ್ ಅಹ್ಮದ್ ಲಾಹೋರಿಯ ಹೆಸರು ಹೇಳುತ್ತೇವೆ. ಅವರು ಕಟ್ಟಿದ್ದು ಬಾದಶಹರಿಗಾಗಿ. 1900ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ 1989ರಲ್ಲಿ ನಿಧನರಾದ ಫತ್‌ಹೀ ಕಟ್ಟಲು ಹಂಬಲಿಸಿದ್ದು ಹಳ್ಳಿಯ ಬಡವರಿಗಾಗಿ, ಅದೂ ಮಣ್ಣಿನಲ್ಲಿ.

ಎರಡನೇ ಮಹಾಯುದ್ಧದ ಕಾಲವದು. ಮರವೂ ಕಬ್ಬಿಣವೂ ಸಿಗದಾಗಿತ್ತು. ಗೋಡೆಯನ್ನು ಹಸಿ ಇಟ್ಟಿಗೆಯಲ್ಲಿ ಎಬ್ಬಿಸಬಹುದು, ಛಾವಣಿಗೇನು ಮಾಡುವುದು? ಇಟ್ಟಿಗೆಯಲ್ಲೇ ಕಮಾನು ಛಾವಣಿ ಕಟ್ಟಿಸಿ ನೋಡಿದರು, ಕುಸಿದು ಬಿತ್ತು. ಆಗ 1941ರಲ್ಲಿ ದಕ್ಷಿಣದ ಅಸ್ವಾನಿಗೆ ಹೋದರು. ಅಲ್ಲಿ ನೂಬಿಯನ್ನರ ಹಳ್ಳಿಗಳಲ್ಲಿ ಮನೆಮನೆಗೂ ಮಣ್ಣಿನ ಕಮಾನು ಛಾವಣಿ! ಸೆಂಟ್ರಿಂಗ್ ಇಲ್ಲ, ಒಂದು ಹಲಗೆಯ ಆಸರೆಯೂ ಇಲ್ಲ. ಹಿಂದಿನ ಗೋಡೆಯ ಮೇಲೆ ಮೇಸ್ತ್ರಿ ಕೈಯಿಂದಲೇ ಮಣ್ಣು ಮೆತ್ತಿ ಕಮಾನಿನ ಗೆರೆ ಎಳೆಯುತ್ತಾನೆ. ಹಗುರವಾಗಲೆಂದು ಹೆಚ್ಚು ಹುಲ್ಲು ಬೆರೆಸಿದ ತೆಳ್ಳನೆಯ ಇಟ್ಟಿಗೆಗಳನ್ನು ಆ ಗೋಡೆಗೆ ಒರಗುವಂತೆ ಓರೆಯಾಗಿ ಒಂದರ ಪಕ್ಕ ಒಂದು ಅಂಟಿಸುತ್ತಾ ಬರುತ್ತಾನೆ. ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಒರಗುವುದರಿಂದ ಜಾರಿ ಬೀಳುವುದಿಲ್ಲ. ಲುಕ್ಸರಿನ ರಾಮೆಸಿಯಂ ದೇವಾಲಯದ ಪಕ್ಕದಲ್ಲಿ ಇಂತಹ ಮಣ್ಣಿನ ಕಮಾನಿನ ಉಗ್ರಾಣಗಳು ಮೂರು ಸಾವಿರ ವರ್ಷ ದಾಟಿಯೂ ನಿಂತಿವೆ. ವಿಶ್ವವಿದ್ಯಾಲಯದಲ್ಲಿ ಕಲಿಯದಿದ್ದುದನ್ನು ಫತ್‌ಹೀ ಬರಿಗಾಲಿನ ಮೇಸ್ತ್ರಿಗಳಿಂದ ಕಲಿತರು.

1945ರಲ್ಲಿ ಸರಕಾರ ಅವರಿಗೊಂದು ದೊಡ್ಡ ಕೆಲಸ ವಹಿಸಿತು. ಲುಕ್ಸರಿನ ಎದುರು ನೈಲ್ ನದಿಯ ಪಶ್ಚಿಮ ದಡದಲ್ಲಿ ಗುರ್ನಾ ಎಂಬ ಊರು. ಅಲ್ಲಿಯ ಜನರ ಮನೆಗಳು ಫರೋಹರ ಕಾಲದ ಗೋರಿಗಳ ಮೇಲೆಯೇ ಇದ್ದವು. ಕೆಲವರಿಗೆ ಗೋರಿಯ ವಸ್ತುಗಳನ್ನು ಕದ್ದು ಮಾರುವುದೇ ಕಸುಬು. ಒಂದು ಗೋರಿಯ ಬಂಡೆಯ ಕೆತ್ತನೆಯನ್ನೇ ಕಿತ್ತೊಯ್ದ ಮೇಲೆ ಇಡೀ ಊರನ್ನು ಕೆಳಗಿನ ಬಯಲಿಗೆ ಸ್ಥಳಾಂತರಿಸಬೇಕೆಂದು ಪ್ರಾಚ್ಯವಸ್ತು ಇಲಾಖೆ ನಿರ್ಧರಿಸಿತು. ಸುಮಾರು 7000 ಜನ. ಅವರಿಗಾಗಿ ಫತ್‌ಹೀ ಹೊಸ ಗುರ್ನಾದ ನಕ್ಷೆ ಬರೆದರು. ಮಸೀದಿ, ಶಾಲೆ, ಮಾರುಕಟ್ಟೆ, ರಂಗಮಂದಿರ, ಮನೆಗಳು ಎಲ್ಲವೂ ಮಣ್ಣಿನವು. ಸಾಲಾಗಿ ಒಂದೇ ಅಚ್ಚಿನ ಮನೆ ಕಟ್ಟಲು ಅವರು ಒಪ್ಪಲಿಲ್ಲ. ಒಂದೊಂದು ಕುಟುಂಬಕ್ಕೂ ಅದರದೇ ಮನೆ ಇರಬೇಕೆಂದು ಹಟ ಹಿಡಿದರು.

ಆ ಮನೆಗಳ ಜೀವ ಇದ್ದುದು ನಡುವಿನ ಅಂಗಳದಲ್ಲಿ. ರಾತ್ರಿಯ ತಂಪು ಗಾಳಿ ಅಂಗಳಕ್ಕಿಳಿದು ಸುತ್ತಲಿನ ಕೋಣೆಗಳಿಗೆ ಹರಿಯುತ್ತದೆ. ಬಿಸಿಲೇರಿದರೂ ಆ ತಂಪು ಬೇಗನೆ ಹೋಗುವುದಿಲ್ಲ. ಹೆಂಗಸರಿಗೆ ಪರ್ದಾಕ್ಕೆ ಭಂಗವಿಲ್ಲದೆ ತಲೆಯ ಮೇಲೊಂದು ತುಂಡು ಆಕಾಶ! ಇದು ಫತ್‌ಹೀಯವರ ಶೋಧವೇನಲ್ಲ. ಕೈರೋದಲ್ಲಿ 1648ರಲ್ಲಿ ಕಟ್ಟಿದ ಬೈತುಸ್ಸುಹೈಮಿ ಎಂಬ ಮನೆ ಈಗಲೂ ಇದೆ. ಅಂಗಳವೂ ಇದೆ, ಮರದ ಜಾಲರಿಯ ಮಶ್ರಬಿಯ್ಯಾ ಕಿಟಕಿಗಳೂ ಇವೆ. ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಒಳಗೆ ಕಾಣದು. 'ಶರಿಬ' ಎಂದರೆ ಕುಡಿಯುವುದು. ಗಾಳಿಗೆ ನೀರು ತಣ್ಣಗಾಗಲೆಂದು ಆ ಕಿಟಕಿಯಲ್ಲಿ ಹೂಜಿ ಇಡುತ್ತಿದ್ದುದರಿಂದ ಈ ಹೆಸರು ಬಂತೆನ್ನುತ್ತಾರೆ. ಗುರ್ನಾದ ಶಾಲೆಯಲ್ಲಿ ಫತ್‌ಹೀ ಛಾವಣಿಯ ಮೇಲೆ ಗಾಳಿ ಹಿಡಿಯುವ ಗೋಪುರ ಕಟ್ಟಿ, ಒಳಗೆ ಒದ್ದೆ ಇದ್ದಿಲು ಇಡಿಸಿದರು. ತರಗತಿಯ ಸೆಕೆ ಸುಮಾರು 10 ಡಿಗ್ರಿ ಇಳಿಯಿತಂತೆ. ಮಾರ್ಚ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಪಾಠ ಮಾಡಿದವರಿಗೆ ಇದರ ಬೆಲೆ ಗೊತ್ತು.

ಬಟ್ಟೆ ಒಗೆಯುವವಳು ಹೇಗೆ ಕುಳಿತುಕೊಳ್ಳುತ್ತಾಳೆ ಎಂಬುದನ್ನೂ ಅವರು ಯೋಚಿಸಿದ್ದರು. ನೀರಿನ ವಿಷಯದಲ್ಲಿ ಮಾತ್ರ ನನಗೆ ಅವರ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಮನೆಮನೆಗೆ ನಲ್ಲಿ ಬಂದರೆ ಹೆಂಗಸರು ಹೊರಗೆ ಬಂದು ನಾಲ್ಕು ಮಾತಾಡುವ ಅವಕಾಶವೇ ಹೋಗುತ್ತದೆ, ಕೊಡ ಹೊತ್ತು ಬರುವ ಹುಡುಗಿಯರನ್ನು ವರನ ಕಡೆಯವರು ನೋಡುವುದೂ ಅಲ್ಲೇ ಎಂಬುದು ಅವರ ಚಿಂತೆ. ಮಾತಿನಲ್ಲಿ ಸತ್ಯವಿದೆ. ಆದರೆ ಕೊಡ ಇದ್ದುದು ಅವರ ತಲೆಯ ಮೇಲಲ್ಲ! ಎಂಟು ತಿಂಗಳ ಬಸುರಿಯನ್ನು ಕೇಳಿದ್ದರೆ ಅವಳು ನಲ್ಲಿಯನ್ನೇ ಬೇಡುತ್ತಿದ್ದಳೋ ಏನೋ.

ಕೇಳಲಾಗಲಿಲ್ಲ. ಇದನ್ನು ಫತ್‌ಹೀಯವರೇ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. 1973ರಲ್ಲಿ 'ಆರ್ಕಿಟೆಕ್ಚರ್ ಫಾರ್ ದಿ ಪೂರ್' ಎಂಬ ಹೆಸರಿನಲ್ಲಿ ಅಮೆರಿಕದಿಂದ ಹೊರಬಂದು ಜಗತ್ತಿನಲ್ಲೆಲ್ಲ ಹೆಸರಾದ ಪುಸ್ತಕವದು. ಮನೆಯ ಬಗ್ಗೆ ಹೆಚ್ಚು ತಿಳಿದವರು ಹೆಂಗಸರು, ಆದರೆ ಊರಿನ ಗಂಡಸರು ಅವರೊಡನೆ ಮಾತಾಡಲು ಆಸ್ಪದ ಕೊಡಲಿಲ್ಲ ಎಂಬುದು ಅವರ ಕೊರಗು. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ನಾಟುವ ಮಾತು ಇದೇ. ಪರಪುರುಷ ನೇರವಾಗಿ ಕೇಳಬೇಕೆಂದೇನೂ ಇಲ್ಲ. ಗಂಡ ಕೇಳಬಹುದಿತ್ತು, ಮಗ ಕೇಳಬಹುದಿತ್ತು. ಉಮ್ಮುಲ್ ಮುಅ್‌ಮಿನೀನ್ ಉಮ್ಮು ಸಲಮಾ(ರ)ರ ಸಲಹೆಯನ್ನು ಪ್ರವಾದಿ(ಸ)ರು ಹುದೈಬಿಯಾದಂತಹ ಸಂದರ್ಭದಲ್ಲಿ ಕೇಳಿ ನಡೆಸಿಕೊಟ್ಟರಲ್ಲವೇ? ಅಡುಗೆಮನೆಯ ಕಿಟಕಿ ಯಾವ ಕಡೆಗಿರಲಿ ಎಂದು ಹೆಂಡತಿಯನ್ನು ಕೇಳಿದರೆ ನಮ್ಮ ಗಂಡಸರ ಯಾವ ಮಾನ ಹೋಗುತ್ತದೆ?

ಗುರ್ನಾದ ಗಂಡಸರನ್ನು ಕೂಡಾ ಊರು ಬಿಡುತ್ತೀರಾ ಎಂದು ಇಲಾಖೆ ಕೇಳಿರಲಿಲ್ಲ. ಅವರಿಗೆ ಹೋಗಲು ಮನಸ್ಸಿರಲಿಲ್ಲ. ಗುಮ್ಮಟದ ಮಾಡು ಕಂಡು, ಇದು ಗೋರಿಯ ಹಾಗಿದೆ ಎಂದರು. ಹೊಸ ಊರಿಗೆ ನೀರು ನುಗ್ಗಲೆಂದು ಒಡ್ಡು ಒಡೆದದ್ದೂ ಉಂಟು. ಇತ್ತ ಕಚೇರಿಗಳಿಂದ ಹಣವೂ ಸಾಮಾನೂ ಹೊತ್ತಿಗೆ ಬರಲಿಲ್ಲ. 1948ರ ಹೊತ್ತಿಗೆ ಕೆಲಸ ನಿಂತೇಹೋಯಿತು. ಯೋಜನೆಯ ಒಂದು ಪಾಲು ಮಾತ್ರ ಮುಗಿದಿತ್ತು. 1980ರಲ್ಲಿ ಆಗಾ ಖಾನ್ ಪ್ರಶಸ್ತಿ ಸಮಿತಿ ಫತ್‌ಹೀಯವರ ಜೀವಮಾನದ ಸಾಧನೆಗಾಗಿ ವಿಶೇಷ ಪ್ರಶಸ್ತಿ ನೀಡಿ ಗೌರವಿಸಿತು. ಹಳೆಯ ಗುರ್ನಾದ ಮನೆಗಳನ್ನು ಸರಕಾರ ದೊಡ್ಡ ಪ್ರಮಾಣದಲ್ಲಿ ಕೆಡವತೊಡಗಿದ್ದು 2006ರ ಕೊನೆಯಲ್ಲಿ.

ಫತ್‌ಹೀ ಕಟ್ಟಿದ ಮನೆಗಳಲ್ಲಿ ಕ್ರಮೇಣ ಜನ ಬಂದು ನೆಲೆಸಿದ್ದರು. ಮಕ್ಕಳು ಬೆಳೆದರು, ಮದುವೆಯಾದರು, ಸೊಸೆಯಂದಿರು ಬಂದರು, ಮೇಲೊಂದು ಮಹಡಿ ಬೇಕಾಯಿತು. ಮಣ್ಣಿನ ಗುಮ್ಮಟದ ಮೇಲೆ ಮಹಡಿ ಏಳುವುದಿಲ್ಲ. ಹಲವರು ಮನೆ ಕೆಡವಿ ಕಾಂಕ್ರೀಟಿನದು ಕಟ್ಟಿಕೊಂಡರು. ಆ ಮನೆಗಳ ಅಡುಗೆಮನೆ ಎಲ್ಲಿರಬೇಕೆಂದು ಯಾರು ಹೇಳಿದರೋ!