ಸುಣ್ಣದ ಗೆರೆ

ಆಟದ ಮೈದಾನ ಎಲ್ಲರದು ಎಂದು ಭಾಷಣ ಮಾಡುವವರು ಬಹಳ. ಅದರ ಕಸ ಹೊಡೆದು, ಮುಳ್ಳು ಕಡಿದು, ನೀರು ಹಾಕಿ, ಸುಣ್ಣ ಎಳೆದವರು ಯಾರು ಎಂದು ಕೇಳುವವರು ಕಡಿಮೆ. ಅಲ್ಲಿ ಯಾವ ತಾರೀಖಿಗೆ ಆಟ, ಎಷ್ಟು ಗಂಟೆಗೆ ಆಟ ಎಂದು ಬರೆಯುವವರು ಯಾರು ಎಂದು ಕೇಳುವವರು ಇನ್ನೂ ಕಡಿಮೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಸುತ್ತಿನ ಕೇರಿಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವು. ಈ ಎರಡು ಪ್ರಶ್ನೆಗಳನ್ನು ಇಲ್ಲಿ ಕೇಳುತ್ತಿದ್ದೇವೆ. ಆಟದ ಮಾತಲ್ಲವೆ ಎಂದು ಹಗುರ ಮಾಡಬೇಡಿ. ನಮ್ಮ ಪಾಲಿಗೆ ಇದು ರೊಟ್ಟಿಯ ಮಾತು.

ಮೊದಲು ನೆಲ. ಶಹಾಪುರ, ಸುರಪುರ ಕಡೆ ಹೆಚ್ಚಾಗಿ ಎರಿ ನೆಲ. ಹತ್ತಿಗೆ, ಜೋಳಕ್ಕೆ, ತೊಗರಿಗೆ ಅದು ತಾಯಿ. ಆಟಕ್ಕೆ ಮಾತ್ರ ಬಲು ಮೊಂಡು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಕುಗ್ಗಿ ಬಿರಿಯುತ್ತದೆ. ಮಳೆಗಾಲದಾಗ ಕಾಲಿಟ್ಟರೆ ಪಾದದ ತುಂಬ ರಾಡಿ. ಬ್ಯಾಸಿಗ್ಯಾಗ ಓಡಿದರೆ ಬಿರುಕಿನಲ್ಲಿ ಕಾಲು ಸಿಕ್ಕು ಕೀಲು ತಪ್ಪುತ್ತದೆ. ಇಂಥಲ್ಲಿ ಮೈದಾನ ಮಾಡಬೇಕಾದರೆ ಮೇಲಿನ ಎರಿ ಮಣ್ಣು ತೆಗೆದು, ಮರಂ ಹಾಸಿ, ನೀರು ಹೊಡೆದು, ರೋಲರ್ ಎಳೆದು ಗಟ್ಟಿ ಮಾಡಬೇಕು. ಮಳೆ ನೀರು ಹರಿದುಹೋಗುವಂತೆ ನಡು ಎತ್ತರಿಸಿ ಅಂಚಿಗೆ ಇಳಿಜಾರು ಕೊಡಬೇಕು. ಒಮ್ಮೆ ಮಾಡಿ ಕೈ ತೊಳೆದುಕೊಳ್ಳುವ ಕೆಲಸ ಇದಲ್ಲ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಮಾಡಬೇಕು. ಬಿಟ್ಟರೆ ಬಳ್ಳಾರಿ ಜಾಲಿ ಎದ್ದು ನಿಲ್ಲುತ್ತದೆ. ಅದರ ಮುಳ್ಳು ಚಪ್ಪಲಿ ದಾಟಿ ಪಾದಕ್ಕೆ ಬರುತ್ತದೆ. ಬರಿಗಾಲಲ್ಲಿ ಕಬಡ್ಡಿ, ಖೋ ಖೋ ಆಡುವವರ ಗತಿಯೇನು?

ನಾವು ಓದಿದ ಕಾಲೇಜಿನಲ್ಲಿ ಆ ಮುಳ್ಳಿಗೆ ಮದ್ದು ನಾವೇ. ಕಾಲೇಜಿನ ಹೆಸರು ಬ್ಯಾಡ. ಪಂದ್ಯಾಟ ಎಂಟು ದಿನ ಇದೆ ಎನ್ನುವಾಗ ಕರೆ ಬರುತ್ತಿತ್ತು. "ತಮ್ಮಾ, ನಾಳಿ ಮುಂಜಾನಿ ಕೊಡ್ಲಿ ಕುಡಗೋಲು ತಗೊಂಡು ಬರ್ರಿ." ಈ ಮಾತು ದೊಡ್ಡ ಮನೆಯ ಹುಡುಗರ ಕಿವಿಗೆ ಹೋಗುತ್ತಿರಲಿಲ್ಲ. ನಮ್ಮ ಕೈಯಲ್ಲಿ ಕೊಡ್ಲಿ ಹುಟ್ಟಿದಾಗಿನಿಂದ ಇದೆ ಎಂದು ಅವರಿಗೆ ಗೊತ್ತು. ಜಾಲಿ ಕಡಿದೆವು. ಬುಡ ಬಿಟ್ಟರೆ ಮತ್ತೆ ಚಿಗುರುತ್ತದೆ ಎಂದು ಬೇರು ಸಮೇತ ಅಗೆದೆವು. ಹಗ್ಗ ಹಿಡಿದು ಗೂಟ ಬಡಿದೆವು. ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ವಾಲಿಬಾಲಿಗೆ 18, 9. ಹಗ್ಗದ ಗುಂಟ ಬರಿಗೈಯಲ್ಲಿ ಸುಣ್ಣ ಬಿಟ್ಟೆವು. ಸುಣ್ಣ ತಿಂದು ಬೆರಳ ಸಂದಿ ಸೀಳುತ್ತಿತ್ತು. ರಾತ್ರಿ ರೊಟ್ಟಿ ಮುರಿದು ಖಾರದಾಗ ಅದ್ದಿದರೆ ಉರಿ ನೆತ್ತಿಗೆ ಏರುತ್ತಿತ್ತು. ಕೆಲಸದ ನಡುವೆ ಚಹಾ ಬರುತ್ತಿತ್ತು. ಕುರ್ಚಿಯಲ್ಲಿ ಕೂತವರಿಗೆ ಗಾಜಿನ ಗ್ಲಾಸು, ಗೆರೆ ಹಾಕಿದವರಿಗೆ ಪ್ಲಾಸ್ಟಿಕ್ ಗ್ಲಾಸು. ಯಾರೂ ಜಾತಿಯ ಹೆಸರು ಎತ್ತಲಿಲ್ಲ. ಎತ್ತುವ ಜರೂರೂ ಇರಲಿಲ್ಲ.

ಹೀಗೆ ಹದ ಮಾಡಿದ ಮೈದಾನ ಎಷ್ಟು ದಿನ ಉಳಿಯುತ್ತದೆ? ಊರಿಗೆ ಮಂತ್ರಿ ಬಂದರೆ ಸಭೆ ಅಲ್ಲೇ. ಪೆಂಡಾಲಿನ ಕಂಬಕ್ಕೆ ತೋಡಿದ ಕುಣಿಗಳು ಹಾಗೇ. ಲಾರಿ, ಜೀಪು ಓಡಾಡಿ ಗಾಲಿ ಗುರುತು ಬಿದ್ದದ್ದು ಹಾಗೇ. ಭಾಷಣ ಮುಗಿದು ಜನ ಮನೆ ಸೇರುತ್ತಾರೆ. ಕುಣಿ ಮುಚ್ಚುವ ಕೆಲಸ ಯಾರ ಲೆಕ್ಕದಲ್ಲೂ ಇರುವುದಿಲ್ಲ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ನಮ್ಮ ಮೂರೂ ತಾಲೂಕುಗಳನ್ನು ಅತಿ ಹಿಂದುಳಿದವು ಎಂದು ಪಟ್ಟಿ ಮಾಡಿತು. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ಬಂತು. ದುಡ್ಡು ಬರಲೇ ಇಲ್ಲ ಎಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಬಂದ ದುಡ್ಡು ಗೋಡೆಗೆ, ಕಲ್ಲಿಗೆ, ಕಲ್ಲಿನ ಮೇಲಿನ ಹೆಸರಿಗೆ ಓಡುತ್ತದೆ. ಗ್ಯಾಲರಿ ಕಟ್ಟಿದರೆ ಉದ್ಘಾಟನೆ ಇದೆ, ರಿಬ್ಬನ್ ಇದೆ, ಫೋಟೋ ಇದೆ. ವರ್ಷಾ ಮರಂ ಹಾಕಿ ರೋಲರ್ ಎಳೆಯುವುದಕ್ಕೆ ಯಾವ ಫೋಟೋ? ಪೊರಕೆ ಹಿಡಿದ ಆಳಿನ ಪಗಾರಕ್ಕೆ ಯಾವ ಕಲ್ಲು?

ಇನ್ನು ತಾರೀಖಿನ ಮಾತು. ನಮ್ಮ ಕಾಲೇಜುಗಳು ಮೊದಲು 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯದ ಕೈಯಲ್ಲಿದ್ದವು. ಈಚೆಗೆ ರಾಯಚೂರು, ಯಾದಗಿರಿ ಜಿಲ್ಲೆಗಳಿಗೆಂದು ರಾಯಚೂರಿನಲ್ಲಿ ಬೇರೆ ವಿಶ್ವವಿದ್ಯಾಲಯವಾಗಿದೆ. ಊರು ಬದಲಾದರೂ ರೀತಿ ಅದೇ. ಒಂದೊಂದು ಆಟವನ್ನು ಒಂದೊಂದು ಕಾಲೇಜಿಗೆ ಹಂಚುತ್ತಾರೆ. ಪರೀಕ್ಷೆ ಯಾವಾಗ, ಹಬ್ಬ ಯಾವಾಗ, ಅಂತರ ವಿಶ್ವವಿದ್ಯಾಲಯ ಕೂಟ ಯಾವಾಗ ಎಂದು ನೋಡಿ ದಿನ ಗೊತ್ತುಮಾಡುತ್ತಾರೆ. ಮಳೆಗಾಲದಲ್ಲಿ ಎರಿ ನೆಲ ಆಡಗೊಡುವುದಿಲ್ಲ. ಬ್ಯಾಸಿಗ್ಯಾಗ 40 ಡಿಗ್ರಿ ದಾಟುವ ಬಿಸಿಲು. ಉಳಿಯುವುದು ದಸರೆಯಿಂದ ಸಂಕ್ರಾಂತಿಯ ಆಚೀಚೆ. ಆಟವೆಲ್ಲ ಆ ಮೂರು ತಿಂಗಳಿಗೆ ಬಂದು ಬೀಳುತ್ತದೆ.

ಆ ಮೂರು ತಿಂಗಳೇ ನಮ್ಮ ಹತ್ತಿ ಬಿಡಿಸುವ ಕಾಲ, ತೊಗರಿ ಕೊಯ್ಯುವ ಕಾಲ! ಹತ್ತಿಗೆ ತೂಕದ ಲೆಕ್ಕದ ಕೂಲಿ. ನಾಲ್ಕು ಕೈ ಹೆಚ್ಚಾದರೆ ನಾಲ್ಕು ಕೈಯಷ್ಟು ದುಡ್ಡು. ನಮ್ಮ ಫೀಸು, ಪುಸ್ತಕ, ಚಪ್ಪಲಿ ಎಲ್ಲ ಅದರಾಗೇ. ಟೀಮಿನಲ್ಲಿ ಹೆಸರು ಬಂದಿದೆ ಎಂದು ಕುಣಿಯುತ್ತಾ ಮನೆಗೆ ಹೋದರೆ ಅವ್ವ ಅನ್ನುತ್ತಿದ್ದಳು: "ಕಪ್ ತಂದ್ರ ಅದನ್ನ ಕುದಿಸಿ ಉಣ್ಣಾದೇನೊ? ಹತ್ತಿ ಒಡದು ನೆಲಕ್ಕ ಬೀಳ್ಲತ್ತಾದ. ಈ ವಾರ ಹೋಗ್ಲಿಲ್ಲಂದ್ರ ಗೌಡ ಬ್ಯಾರೆ ಆಳು ಹಚ್ತಾನ." ಅವ್ವನ ಮಾತಿನಲ್ಲಿ ಯಾವ ತಪ್ಪಿದೆ? ಹಾಗೆ ನಮ್ಮ ಪೈಕಿ ಮೂವರು ಹೊಲಕ್ಕೆ ಹೋದರು. ಅವರ ಅಂಗಿಯ ನಂಬರು ಪ್ಯಾಟಿ ಹುಡುಗರ ಬೆನ್ನಿಗೆ ಹೋಯಿತು. "ಇವರಿಗೆ ಆಟದ ಮ್ಯಾಲ ಶ್ರದ್ಧೆ ಇಲ್ಲ" ಎಂದು ರಿಜಿಸ್ಟರಿನಲ್ಲಿ ಗೈರುಹಾಜರಿ ಬಿತ್ತು.

ಹುಡುಗಿಯರ ಮಾತು ಇದಕ್ಕಿಂತ ಕಠಿಣ. ಮುಂಜಾನೆ 8ಕ್ಕೆ ಹಾಜರಿ ಎಂದು ನೋಟೀಸು. ಹಳ್ಳಿಯ ಮೊದಲ ಬಸ್ಸು ಊರು ಮುಟ್ಟುವುದೇ 9ಕ್ಕೆ. ಸಂಜೆ ಪ್ರಾಕ್ಟೀಸ್ ಶುರುವಾಗುವ ಹೊತ್ತಿಗೆ ಕೊನೆಯ ಬಸ್ಸು ಹೊರಡುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಚಾರ್ಜು ಇಲ್ಲ. ಅದು ದೊಡ್ಡ ಉಪಕಾರವೇ. ಆದರೆ ಪುಕ್ಕಟೆ ಬಸ್ಸು ಹೊತ್ತಿಗೆ ಬರದಿದ್ದರೆ ಖೋ ಖೋ ಅಂಕಣಕ್ಕೆ ಹೇಗೆ ಮುಟ್ಟುವುದು? ಅದರ ಮೇಲೆ ಇದು ಸೋತರೆ ಮನೆ ಎನ್ನುವ ನಾಕೌಟ್ ಪಂದ್ಯಾಟ. ಖರ್ಚು ಕಡಿಮೆ, ದಿನ ಕಡಿಮೆ ಎಂದು ಹಾಗೆ ಆಡಿಸುತ್ತಾರೆ. ರಾತ್ರಿಯೆಲ್ಲ ಬಸ್ಸಿನಲ್ಲಿ ನಿಂತು ಬಂದ ತಂಡ, ಹಾಸಿಗೆಯಲ್ಲಿ ಮಲಗಿ ಎದ್ದ ತಂಡದ ಎದುರು ಒಂದೇ ಆಟ ಆಡಿ ತಿರುಗಿ ಹೋಗುತ್ತದೆ.

ಆ ಒಂದು ಆಟಕ್ಕೆ ಯಾಕೆ ಇಷ್ಟು ಬಾಯಿ ಬಡಿದುಕೊಳ್ಳುತ್ತೀರಿ ಎನ್ನಬಹುದು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುವುದು ಅಂತರಕಾಲೇಜು ಪಂದ್ಯಾಟದಲ್ಲಿ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟ ನಡೆಯಿತಲ್ಲ, ಅಂಥ ಕಡೆ ಹೋಗುವ ದಾರಿಯ ಮೊದಲ ಮೆಟ್ಟಿಲು ಇದೇ. ಕ್ರೀಡಾ ಕೋಟಾದ ಸರ್ಟಿಫಿಕೇಟಿನ ಬೇರೂ ಇಲ್ಲೇ. ಅದೆಲ್ಲ ಇರಲಿ. ನಮ್ಮ ಕೇರಿಯ ಹುಡುಗರು ಕಣ್ಣಿಟ್ಟಿರುವುದು ಪೊಲೀಸ್ ಕಾನ್‌ಸ್ಟೇಬಲ್ ನೌಕರಿಗೆ. ಅದರ ದೇಹದಾರ್ಢ್ಯ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಹೆಂಗಸರು 400 ಮೀಟರನ್ನು 2 ನಿಮಿಷದಲ್ಲಿ. ಅಳೆದ ಟ್ರ್ಯಾಕ್ ಇಲ್ಲದೆ ಆರೂವರೆ ನಿಮಿಷ ಎಲ್ಲಿ ಕಲಿಯುವುದು? ನಸುಕಿನಲ್ಲಿ ಕಾಲೇಜಿನ ಗೇಟಿಗೆ ಬೀಗ. ಹುಡುಗರು ಲಾರಿ ಓಡುವ ಡಾಂಬರು ರಸ್ತೆಯ ಅಂಚಿಗೆ ಓಡುತ್ತಾರೆ. ಮೈದಾನಕ್ಕೆ ಬೀಗ ಹಾಕಿದವರು ನೌಕರಿಗೇ ಬೀಗ ಹಾಕಿದಂತೆ.

ಮೈದಾನ ಹದ ಮಾಡುವವನಿಗೂ ಆಡುವವನಿಗೂ ನಡುವಿನ ಈ ಗೋಡೆ ನಿನ್ನೆ ಮೊನ್ನೆಯದಲ್ಲ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಚಮ್ಮಾರರ ಮಗ. ಪುಣೆಯಲ್ಲಿ ಅವನಿಗೆ ಸಿಕ್ಕ ಕೆಲಸ ಕ್ರಿಕೆಟ್ ಕ್ಲಬ್ಬಿನ ಪಿಚ್ ಗುಡಿಸಿ ರೋಲರ್ ಎಳೆಯುವುದು. ಬಿಳಿಯರಿಗೆ ನೆಟ್ಟಿನಲ್ಲಿ ಚೆಂಡು ಹಾಕುತ್ತಾ ಹಾಕುತ್ತಾ ದೇಶದ ದೊಡ್ಡ ಸ್ಪಿನ್ನರ್ ಆದ. ಹಿಂದೂಗಳ ತಂಡ ಅವನ ಬೆರಳಿನ ಚಮತ್ಕಾರ ಬೇಕೆಂದಿತು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕೊಟ್ಟಿತು. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತರೂ ಅವನನ್ನು ನಾಯಕ ಮಾಡಲಿಲ್ಲ. ಅವನ ತಮ್ಮ ವಿಠ್ಠಲ ನಾಯಕನಾದದ್ದು 1923ರಲ್ಲಿ. ಕುಡಿಕೆ ಹೋಗಿ ಪ್ಲಾಸ್ಟಿಕ್ ಬಂದಿದೆ. ರೋಲರ್ ಎಳೆಯುವ ಕೈ ಬದಲಾಗಿಲ್ಲ.

ನಾವು ಇಷ್ಟು ದಿನ ಕೂಡಿ ಕೂತು ಮಾತಾಡಿ ಕಂಡುಕೊಂಡದ್ದು ಇಷ್ಟು: ಮೈದಾನದ ಹದ ಬೇರೆ, ವೇಳಾಪಟ್ಟಿ ಬೇರೆ ಅಲ್ಲ. ನೀರು ಇಳಿದುಹೋಗುವ ಗಟ್ಟಿ ಮೈದಾನ ಇದ್ದರೆ ಆಗಸ್ಟ್, ಸೆಪ್ಟೆಂಬರಿನ ಹೊಳವಿನ ದಿನಗಳಲ್ಲೂ ಆಡಬಹುದು. ಆಗ ಎಲ್ಲವನ್ನೂ ಹತ್ತಿಯ ತಿಂಗಳಿಗೆ ನೂಕಬೇಕಿಲ್ಲ. ಮೈದಾನ ಕೆಟ್ಟಷ್ಟೂ ಆಡುವ ದಿನ ಕಡಿಮೆ. ಆಡುವ ದಿನ ಕಡಿಮೆಯಾದಷ್ಟೂ ಕೂಲಿಯ ಮಕ್ಕಳು ಹೊರಗೆ. ಜಾತಿಯ ಹೆಸರಿನಲ್ಲಿ ಯಾರನ್ನೂ ತಡೆಯಬೇಕಿಲ್ಲ. ರಾಡಿಯೇ ತಡೆಯುತ್ತದೆ, ತಾರೀಖೇ ತಡೆಯುತ್ತದೆ.

ಆದ್ದರಿಂದ ನಾವು ಕೇಳುವುದು ಭಿಕ್ಷೆಯಲ್ಲ. ಮೈದಾನಕ್ಕೆ ಪಗಾರ ಕೊಟ್ಟು ಕಾಯಂ ಆಳು ಇಡಿ. ವಿದ್ಯಾರ್ಥಿಗಳ ಹತ್ತಿರ ವರ್ಷಾ ಎಣಿಸಿಕೊಳ್ಳುವ ಕ್ರೀಡಾ ಶುಲ್ಕ ಎಲ್ಲಿ ಹೋಯಿತು ಎಂದು ನೋಟೀಸ್ ಬೋರ್ಡಿನ ಮೇಲೆ ಬರೆಯಿರಿ. ಸಭೆಗೆ ಮೈದಾನ ಪಡೆದವರೇ ಕುಣಿ ಮುಚ್ಚಿ ರೋಲರ್ ಎಳೆಸಿ ಹೋಗಲಿ. ನಸುಕಿನಲ್ಲಿ ಓಡುವವರಿಗೆ ಗೇಟು ತೆಗೆಯಿರಿ. ದಿನ ಗೊತ್ತುಮಾಡುವ ಸಭೆಯಲ್ಲಿ ಪರೀಕ್ಷೆಯ ಪಟ್ಟಿಯ ಜೊತೆಗೆ ಹೊಲದ ಸುಗ್ಗಿಯನ್ನೂ, ಬಸ್ಸಿನ ವೇಳೆಯನ್ನೂ ಇಟ್ಟುಕೊಂಡು ಕೂಡ್ರಿ. ಅಲ್ಲಿ ಆಡುವವರ ಎರಡು ಕುರ್ಚಿ ಇರಲಿ. ಅದರಲ್ಲೊಂದು ಹುಡುಗಿಯದು.

ಬರುವ ವರ್ಷವೂ ಕೊಡ್ಲಿ ತಗೊಂಡು ಬರ್ರಿ ಎಂದು ನಮ್ಮ ತಮ್ಮಂದಿರಿಗೆ ಕರೆ ಹೋಗುತ್ತದೆ. ಅವರು ಬರುತ್ತಾರೆ. ದುಡಿಮೆಗೆ ನಮ್ಮವರು ಎಂದೂ ಹಿಂದೆ ಸರಿದವರಲ್ಲ. ಆದರೆ ಈ ಸಲ ತಾರೀಖು ಬರೆಯುವ ಮೇಜಿನ ಹತ್ತಿರವೂ ಬರುತ್ತಾರೆ. ಜಾಗ ಬಿಡ್ರಿ.