ಹಾಯಿದೋಣಿಯ ಹಂಬಲ

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದೊಡ್ಡಬೆಳವಂಗಲದಲ್ಲಿ ಹುಟ್ಟಿದವನಿಗೆ ಹಾಯಿದೋಣಿಯ ಹುಚ್ಚು ಹಿಡಿಯಬಾರದು. ನನಗೆ ಹಿಡಿಯಿತು. ಅದಕ್ಕೆ ಮೂಲ ನಮ್ಮ ತಂದೆಯವರು. ನಾನು ಚಿಕ್ಕವನಾಗಿದ್ದಾಗ ಒಂದು ಮಳೆಗಾಲದಲ್ಲಿ ಕೆರೆ ತುಂಬಿತು. ಬಾಳೆದಿಂಡುಗಳನ್ನು ಬಿದಿರಿಗೆ ಪೋಣಿಸಿ ತೆಪ್ಪ ಕಟ್ಟಿ, ನನ್ನನ್ನು ಅದರ ಮೇಲೆ ಕೂರಿಸಿಕೊಂಡು, ತಮ್ಮ ಹಳೆಯ ಪಂಚೆಯನ್ನೇ ಹಾಯಿಯಾಗಿ ಎತ್ತಿಹಿಡಿದರು. ಗಾಳಿ ನಮ್ಮನ್ನು ಒಯ್ದದ್ದು ಹತ್ತು ಮಾರು ಇದ್ದೀತು. ಮುಂದೆ ಕೆರೆಗೆ ನೀರು ಬರುವುದು ಅಪರೂಪವಾಯಿತು, ತಂದೆಯವರೂ ಹೋದರು.

ಎರಡನೆಯ ಕಾರಣ ‘ತೃಷ್ಣಾ’. ಬಾಯಾರಿಕೆಯೆಂಬ ಅರ್ಥದ ಈ ಹೆಸರು ನಮ್ಮ ಸೀಮೆಗೆ ಎಷ್ಟು ಒಪ್ಪುತ್ತದೆ! ನಮ್ಮ ಭೂಸೇನೆಯ ಇಂಜಿನಿಯರುಗಳು 1985ರಿಂದ 1987ರವರೆಗೆ ಭೂಮಂಡಲವನ್ನು ಸುತ್ತಿಬಂದ 37 ಅಡಿಯ ನೌಕೆ ಅದು. ಅವರು ಅದನ್ನು ಇಂಗ್ಲೆಂಡಿನಲ್ಲಿ ಕೊಂಡದ್ದು ಯಾರೋ ಬಳಸಿ ಬಿಟ್ಟ ಮಾಲಾಗಿ ಎಂದು ಓದಿದ ದಿನ, ‘ಹಳೆಯದಾದರೆ ನನಗೂ ಎಟುಕೀತು’ ಎಂಬ ಆಸೆ ಮೊಳೆಯಿತು.

ಉಡುಪಿಯ ಕಡೆಯವರಾದ ನನ್ನ ಸಹೋದ್ಯೋಗಿಯೊಬ್ಬರು, ಕೋಡಿಬೆಂಗ್ರೆಯ ಸಮೀಪ ನಿವೃತ್ತ ನಾವಿಕರೊಬ್ಬರು ತಮ್ಮ ಹಾಯಿದೋಣಿಯನ್ನು ಮಾರಲಿದ್ದಾರೆಂದು ತಿಳಿಸಿದರು. ಬೆಲೆ ನಾಲ್ಕು ಲಕ್ಷ. ಸೋರುವ ಸೂರನ್ನು ತೆಗೆಸಿ ಹೊಸದು ಹಾಕಿಸಲೆಂದು ನನ್ನಾಕೆ ಐದು ವರ್ಷ ಕೂಡಿಸಿದ್ದ ಹಣವೂ ಹೆಚ್ಚು ಕಡಿಮೆ ಅಷ್ಟೇ. ಉಡುಪಿಯಲ್ಲಿ ವಿಚಾರಸಂಕಿರಣವಿದೆಯೆಂದು ಸುಳ್ಳು ಹೇಳಿ, ಚೆಕ್ಕುಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು ರಾತ್ರಿಯ ಬಸ್ಸು ಹತ್ತಿದೆ.

ಸುವರ್ಣಾ ನದಿಯ ದಡದ ತೆಂಗಿನ ತೋಟದಲ್ಲಿ, ಎರಡು ಗಾಲಿಯ ಟ್ರೈಲರಿನ ಮೇಲೆ ಅದು ನಿಂತಿತ್ತು. ಉದ್ದ 22 ಅಡಿ. ಹಾಯಿಕಂಬವನ್ನು (ಹಳೆಯ ಮಾತಿನಲ್ಲಿ ಕೂವೆ) ಬುಡದ ಕೀಲಿನಲ್ಲಿ ಮಡಿಸಿ ಮಲಗಿಸಬಹುದು. ದೋಣಿ ಮಗುಚದಂತೆ ತಳದಲ್ಲಿ ಇಳಿಬಿಡುವ ಭಾರದ ಲೋಹದ ಹಲಗೆಯನ್ನು ರಾಟೆಯಿಂದ ಮೇಲಕ್ಕೆ ಸೇದಿಕೊಂಡರೆ, ಒಂದೂವರೆ ಅಡಿ ನೀರಿನಲ್ಲೂ ತೇಲುತ್ತದೆ. ಟ್ರೈಲರಿಗೇರಿಸಿ ಜೀಪಿಗೆ ಕಟ್ಟಿದರೆ ಘಟ್ಟವನ್ನೂ ಹತ್ತೀತು. ನಮ್ಮವರು ಹರಿಗೋಲನ್ನು ಮಗುಚಿ ತಲೆಯ ಮೇಲೆ ಹೊತ್ತು ನಡೆಯುವುದೂ ಇದೇ ವಿದ್ಯೆಯಲ್ಲವೇ? ಒಳಗಂತೂ ಒಂದು ಸಂಸಾರವೇ ಇತ್ತು: ನಾಲ್ವರಿಗೆ ಮಲಗುವ ಸ್ಥಳ, ಇಳಿಸಿದರೆ ಹಾಸಿಗೆಯಾಗುವ ಮೇಜು, ಸ್ಪಿರಿಟ್ ಒಲೆ, ಅಂಗೈಯಗಲದ ಪಾತ್ರೆ ತೊಳೆಯುವ ತೊಟ್ಟಿ, ಪುಸ್ತಕಗಳಿಗೆ ಅಡ್ಡಪಟ್ಟಿಯ ಗೂಡು. ನಾನು ಆಗಲೇ ಮನಸ್ಸಿನಲ್ಲಿ ಆ ಗೂಡಿನಲ್ಲಿ ಪಂಪನನ್ನು ಇಟ್ಟುಬಿಟ್ಟಿದ್ದೆ.

“ಇಲ್ಲಿ ಒತ್ತಿ ನೋಡಿ, ಮಾಷ್ಟ್ರೇ,” ಎಂದರು ಅವರೇ. ಹಾಯಿಕಂಬದ ಬುಡದಲ್ಲಿ ಹೆಬ್ಬೆರಳು ಊರಿದೆ. ಹಲಸಿನ ತೊಳೆಯಂತೆ ಮೆತ್ತಗೆ ತಗ್ಗಿತು. ಫೈಬರಿನ ಎರಡು ಪದರಗಳ ನಡುವೆ ಮರವಿರುತ್ತದಂತೆ. ಬೋಲ್ಟಿನ ತೂತಿನಿಂದ ನೀರಿಳಿದು ಆ ಮರ ಕೊಳೆತಿತ್ತು. ಟ್ರೈಲರಿನ ಗಾಲಿಯ ಬೇರಿಂಗುಗಳನ್ನು ಉಪ್ಪುನೀರು ತಿಂದಿತ್ತು. ಮಾರುವವನು ಬಾಯಿಬಿಟ್ಟು ಹೇಳುವ ಮಾತುಗಳೇ ಇವು? ಅವರು ಹೇಳಿದರು.

ಒಲೆಯ ಮೇಲುಗಡೆ ಎರಡೇ ಎರಡು ಬಟ್ಟಲುಗಳು ತೂಗುತ್ತಿದ್ದವು.

“ಅವಳು ಹೋದ ಮೇಲೆ ನೀರಿಗಿಳಿಸಲಿಲ್ಲ. ಒಬ್ಬನಿಗೆ ಇದು ದೊಡ್ಡದಾಗ್ತದೆ. ನಿಮ್ಮ ಮನೆಯವರಿಗೂ ಆಸೆ ಉಂಟಲ್ಲ?”

ಕೊಳೆತ ಮರಕ್ಕೆ ಮದ್ದಿತ್ತು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಚೆಕ್ಕುಪುಸ್ತಕದ ಮೇಲೆ ಕೈಯಿಟ್ಟುಕೊಂಡೇ ನಿಜಸಂಗತಿಯನ್ನೆಲ್ಲ ಅವರಿಗೆ ಒಪ್ಪಿಸಿದೆ. ಅವರು ಬಹಳ ಹೊತ್ತು ನಕ್ಕರು. ಹೊರಡುವಾಗ ಹಳೆಯ ಹಾಯಿಯೊಂದನ್ನು ಮಡಿಸಿ, “ದುಡ್ಡು ಬೇಡ, ಇಲ್ಲಿ ಇಲಿ ತಿನ್ನುವುದಷ್ಟೆ,” ಎಂದು ಕೈಗಿತ್ತರು.

ಮನೆಯಲ್ಲಿ ಆ ಗಂಟನ್ನು ನೋಡಿದ ನನ್ನಾಕೆ, “ಏನ್ರೀ, ವಿಚಾರಸಂಕಿರಣದಲ್ಲಿ ಈಗ ಶಾಲಿನ ಬದಲು ಇದನ್ನು ಹೊದಿಸ್ತಾರೇನು?” ಎಂದಳು. ಹೇಳಿದೆ. ಎರಡು ದಿನ ಮಾತಿಲ್ಲ. ಮೂರನೆಯ ರಾತ್ರಿ ಗಾಳಿಮಳೆ ಬಂದು ನಡುಮನೆ ಸೋರತೊಡಗಿದಾಗ, ಆಕೆಯೇ ಆ ಗಂಟನ್ನು ತಂದು ನನ್ನ ಮುಂದೆ ಹಾಕಿದಳು. ಹೆಂಚಿನ ಮೇಲೆ ಹಾಯಿಯನ್ನು ಹರಡಿ ತೊಲೆಗೆ ಕಟ್ಟುತ್ತಿದ್ದೆ. ಗಾಳಿ ಹೊಕ್ಕು ಅದು ಪಟಪಟನೆ ಉಬ್ಬಿತು. ಒಳಗಿನಿಂದ ನಮ್ಮ ತಾಯಿ ಕೂಗಿದರು:

“ಲೋ, ಹಗ್ಗ ಬಿಗಿಯಾಗಿ ಕಟ್ಟೋ! ಮನೆ ಹೊರಟ್ಬಿಟ್ಟಾತು!”

ಕೆಳಗೆ ಏಣಿ ಹಿಡಿದು ನಿಂತಿದ್ದವಳು ನಕ್ಕಳು. ಏಣಿಯೂ ಅಲುಗಿತು.