ಕೂಸಿನ ತವರೂರಿನಲ್ಲಿ ಎಂಟು ದಿನ

ಪ್ರವಾಸದ ಲೇಖನವೆಂದರೆ ಗುಡಿ, ಗೋಪುರ, ಸಮುದ್ರಗಳ ವರ್ಣನೆಯೆಂದು ನನ್ನ ಸಹಪಾಠಿ ಮಿತ್ರರಲ್ಲಿ ಅನೇಕರ ತಿಳಿವಳಿಕೆ. ನಾನು ಕಲಕತ್ತೆಗೆ ಹೋದದ್ದು ಅವಾವವನ್ನೂ ನೋಡುವುದಕ್ಕಲ್ಲ. 2025ರ ಜನವರಿಯಲ್ಲಿ ನಮ್ಮ ಅಕ್ಕನೂ ಆಕೆಯ ಪತಿಯೂ (ಅವರನ್ನು ನಾವು ಮಾಮಾ ಎಂದು ಕರೆಯುತ್ತೇವೆ) ಒಂದು ಹೆಣ್ಣುಕೂಸನ್ನು ದತ್ತಕ ತರಲು ಆ ಪಟ್ಟಣಕ್ಕೆ ಹೊರಟರು. ಮಾಮಾ ಅವರಿಗೆ ಕನ್ನಡ, ಮರಾಠಿ ಬಿಟ್ಟರೆ ಮೂರನೆಯ ಭಾಷೆ ಬಾರದು. ಬಿ.ಎ. ಓದುವ ಹುಡುಗನಿಗೆ ಇಂಗ್ಲಿಷು, ಹಿಂದಿ ಎರಡೂ ಬಂದೇ ಬರುತ್ತವೆಂದು ಅವರ ನಂಬಿಕೆ. ಈ ನಂಬಿಕೆಯನ್ನು ನಮ್ಮ ಇಂಗ್ಲಿಷ್ ಪ್ರಾಧ್ಯಾಪಕರು ಒಪ್ಪುವರೋ ಇಲ್ಲವೋ ನಾನರಿಯೆ. ಅಂತೂ ನನ್ನ ಟಿಕೀಟನ್ನೂ ತೆಗೆಸಿದರು.

ಬೆಳಗಾವಿ ಜಿಲ್ಲೆಯವರಿಗೆ ದತ್ತಕವೆಂಬ ಮಾತು ಹೊಸದಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆ ಒಪ್ಪಲಿಲ್ಲವೆಂದೇ ರಾಣಿ ಚೆನ್ನಮ್ಮನ ಯುದ್ಧ ನಡೆಯಿತು. ಆದರೆ ಅದು ಗಾದಿಗಾಗಿ ನಡೆದ ದತ್ತಕ. ಹೆಣ್ಣುಕೂಸನ್ನು ದತ್ತಕ ತೆಗೆದುಕೊಳ್ಳಲು ಹಿಂದೂಗಳಿಗೆ ಸ್ಪಷ್ಟವಾದ ಕಾಯದೆ ದೊರೆತದ್ದು 1956ರಲ್ಲಿ. ಮನೆಯ ಹಿರಿಯರ ಮನಸ್ಸು ಮಾತ್ರ ಇನ್ನೂ 1824ರ ಆಸುಪಾಸಿನಲ್ಲಿಯೇ ತಿರುಗುತ್ತಿರುತ್ತದೆ. ಮಾಮಾ ಅವರ ತಮ್ಮನ ಎರಡನೆಯ ಮಗನನ್ನು ತೆಗೆದುಕೊಳ್ಳಲಿ ಎಂದು ನಮ್ಮ ಅಜ್ಜಿಯ ವಾದ. “ಹೊಲ ಮನಿ ಹೊರಗ ಹೋಗೂದಿಲ್ಲ, ರಕ್ತನೂ ಹೊರಗಿಂದು ಬರೂದಿಲ್ಲ” ಎಂದು ಆಕೆ ವರ್ಷಗಟ್ಟಲೆ ಹೇಳಿದಳು. ಅಕ್ಕನ ಉತ್ತರ ಒಂದೇ: “ತಾಯಿ ಇದ್ದ ಕೂಸನ್ನ ತಾಯಿ ಮಡಲಾಗಿಂದ ಯಾಕ ಕೀಳಬೇಕು? ತಾಯಿ ಇಲ್ಲದ ಕೂಸ ಎಲ್ಲಿರತೈತೋ ಅಲ್ಲಿಗಿ ಹೋಗೂಣು.”

ಈಗಿನ ಪದ್ಧತಿಯಲ್ಲಿ ಅನಾಥಾಲಯಕ್ಕೆ ಹೋಗಿ ಕೂಸನ್ನು ಆರಿಸಿ ತರುವುದಕ್ಕೆ ಬರುವುದಿಲ್ಲ. ‘ಕಾರಾ’ ಎಂಬ ಕೇಂದ್ರ ಪ್ರಾಧಿಕಾರದಲ್ಲಿ ಹೆಸರು ನೋಂದಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ಸಂಬಳ, ಆರೋಗ್ಯ, ಗಂಡ-ಹೆಂಡಿರ ಹೊಂದಾಣಿಕೆ ಎಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ. ಆಮೇಲೆ ಕಾಯುವುದು. 2024-25ರಲ್ಲಿ ಇಡೀ ದೇಶದಲ್ಲಿ ಈ ಮಾರ್ಗದಿಂದ ಮನೆ ಸೇರಿದ ಮಕ್ಕಳು 4,515. ಕಾಯುವ ತಂದೆ-ತಾಯಿಗಳ ಸಂಖ್ಯೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅಕ್ಕ-ಮಾಮಾ ಮೂರು ವರ್ಷ ಕಾದರು. ಒಂದು ಸಂಜೆ ಮೊಬೈಲಿನಲ್ಲಿ ಎರಡು ವರ್ಷ ಎಂಟು ತಿಂಗಳಿನ ಕೂಸಿನ ಚಿತ್ರ ಬಂದಿತು. ಒಪ್ಪಿಗೆಯ ಮೊದಲ ಮಾತು ತಿಳಿಸಲು 48 ತಾಸು ಅವಕಾಶವಿತ್ತು. ಅಕ್ಕನಿಗೆ 48 ನಿಮಿಷವೂ ಬೇಕಾಗಲಿಲ್ಲ. ಕೂಸಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಾಯದೆಯೂ ಅದಕ್ಕೆ ಒಪ್ಪದು.

ಘಟಪ್ರಭಾ ಸ್ಟೇಶನ್ನಿನಿಂದ ಹುಬ್ಬಳ್ಳಿ, ಅಲ್ಲಿಂದ ಅಮರಾವತಿ ಎಕ್ಸ್‌ಪ್ರೆಸ್ಸು. ಗುಂತಕಲ್ಲು ದಾಟಿದ ಮೇಲೆ ಕನ್ನಡ ಮುಗಿಯಿತು. ತೆಲುಗು, ಒಡಿಯಾ ಆದ ಮೇಲೆ ಬಂಗಾಳಿ ಕಿವಿಗೆ ಬೀಳತೊಡಗಿತು. ಪಾಸ್‌ಪೋರ್ಟಿನ ಅವಶ್ಯಕತೆಯಿರಲಿಲ್ಲವೆಂಬುದೊಂದನ್ನು ಬಿಟ್ಟರೆ ನಮಗೆ ಅದು ಪರದೇಶವೇ. ಅಕ್ಕನ ಚೀಲದಲ್ಲಿ ಗೋಕಾಕಿನ ಕರದಂಟಿನ ನಾಲ್ಕು ಡಬ್ಬಿಗಳೂ ಗೋಕಾಕಿನ ಕಟ್ಟಿಗೆಯ ಗೊಂಬೆಗಳೂ ಇದ್ದವು. ಕಟ್ಟಿಗೆಯ ಬಾಳೆಹಣ್ಣು, ಮಾವಿನಹಣ್ಣು, ಒಂದು ಗಿಳಿ.

ಕಲಕತ್ತೆಯ ಕೂಸೆಂದ ಕೂಡಲೆ “ಮದರ್ ತೆರೇಸಾ ಅವರ ಹತ್ತಿರವೇ?” ಎಂದು ಊರಲ್ಲಿ ಕೇಳದವರಿಲ್ಲ. ಅವರ ಸಂಸ್ಥೆಯವರು 2015ರಲ್ಲಿಯೇ ಭಾರತದಲ್ಲಿ ದತ್ತಕದ ಕೆಲಸವನ್ನು ನಿಲ್ಲಿಸಿದರು. ನಾವು ಹೋದದ್ದು ಬೇರೊಂದು ಸಣ್ಣ ಶಿಶುಗೃಹಕ್ಕೆ. ಕೂಸು ಅಲ್ಲಿಯ ಆಯಾ ಬಾಯಿಯ ಸೀರೆಯ ಹಿಂದೆ ಅಡಗಿತು. ಆಕೆಯನ್ನು ಎಲ್ಲ ಮಕ್ಕಳೂ ‘ಮಾಶಿ’ ಎನ್ನುತ್ತಿದ್ದರು. ನಮ್ಮ ಗಡಿಯ ಮರಾಠಿಯ ‘ಮಾವಶಿ’ಯೇ ಅದು. ಅಕ್ಕ ಕೈಚಾಚಲಿಲ್ಲ, ಕರೆಯಲಿಲ್ಲ. ದೂರದಲ್ಲಿ ನೆಲದ ಮೇಲೆ ಕುಳಿತು ಗೊಂಬೆಗಳನ್ನು ಒಂದೊಂದಾಗಿ ಹರವಿದಳು. ಕಾಲು ತಾಸಿನ ಮೇಲೆ ಕೂಸು ಬಂದು ಬಾಳೆಹಣ್ಣನ್ನು ಎತ್ತಿಕೊಂಡು ಕಚ್ಚಿತು, ಕಟ್ಟಿಗೆಯೆಂದು ಗೊತ್ತಾದೊಡನೆ ಗಂಭೀರವಾಗಿ ಮಾಮಾ ಅವರ ಕೈಗಿಟ್ಟಿತು. ಎಲ್ಲರೂ ನಕ್ಕೆವು. ತರುವಾಯ ಅಕ್ಕನ ಮುಖ ನೋಡಿ “ಜೋಲ್” ಎಂದಿತು. ನಮಗೆ ತಿಳಿಯಲಿಲ್ಲ. ಮತ್ತೆ “ಜೋಲ್” ಎಂದು ಅಳುವುದಕ್ಕೆ ಮೊದಲು ಮಾಡಿತು. ಮಾಶಿ ಓಡಿ ಹೋಗಿ ನೀರು ತಂದಳು.

ಅಂದು ಹೊರಗೆ ಬಂದ ಮೇಲೆ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನೀರ ಬೇಡಿದರ ತಿಳೀಲಿಲ್ಲಲ್ಲೋ ತಮ್ಮಾ! ಇಕಿ ಮಾತ ನಾಕಾರ ಕಲೀಲಾರದ ಇಕೀನ್ನ ಹೆಂಗ ಕರಕೊಂಡ ಹೋಗೂದು?” ಎಂದಳು.

ಶಿಶುಗೃಹದ ಸಮಿತಿ ಕೂಡಿ ಕಾಗದಪತ್ರಗಳಾಗುವುದಕ್ಕೆ ಎಂಟು ದಿನ ಹಿಡಿಯಿತು. ಮುಂಜಾನೆ ಎರಡು ತಾಸು ಕೂಸಿನ ಹತ್ತಿರ ಇರಲು ಅಪ್ಪಣೆ. ಮಧ್ಯಾಹ್ನದ ಮೇಲೆ ಲಾಜಿನಲ್ಲಿ ಮಲಗಿ ಕಳೆಯುವುದು ಮಾಮಾ ಅವರ ಬೇತು. ಅಕ್ಕ ಒಪ್ಪಲಿಲ್ಲ. “ನಾಳೆ ಇಕಿ ದೊಡ್ಡಾಕಿ ಆಗಿ, ನಾ ಹುಟ್ಟಿದೂರ ಹೆಂಗಿತ್ತವ್ವಾ ಅಂತ ಕೇಳಿದರ, ಲಾಜ್ ನೋಡಿ ಬಂದ್ವಿ ಅಂತ ಹೇಳ್ಲೇನು?” ದತ್ತಕ ಹೋದವರಿಗೆ 18 ವರ್ಷ ತುಂಬಿದ ಬಳಿಕ ತಮ್ಮ ಮೂಲವನ್ನು ಹುಡುಕಲು ಅರ್ಜಿ ಕೊಡುವ ಹಕ್ಕನ್ನು ನಿಯಮಗಳೂ ಕೊಟ್ಟಿವೆ. ಅಕ್ಕನಿಗೆ ಆ ನಿಯಮ ಗೊತ್ತಿರಲಿಲ್ಲ.

ಹೀಗೆ ನಮ್ಮ ತಿರುಗಾಟ ಮೊದಲಾಯಿತು. ಟ್ರಾಮಿನಲ್ಲಿ ಕುಳಿತೆವು. 1873ರಲ್ಲಿ ಕುದುರೆ ಎಳೆದ ಈ ಬಂಡಿಯ ಹಾದಿಗಳು ಈಗ ಬಹುತೇಕ ಮುಚ್ಚಿಹೋಗಿವೆ. ಕೂಸು ದೊಡ್ಡದಾಗುವವರೆಗೆ ಉಳಿಯಲಾರದೆಂದು ಅಕ್ಕ ಅದರ ಟಿಕೀಟನ್ನು ಪರ್ಸಿನಲ್ಲಿಟ್ಟುಕೊಂಡಳು. ಮನುಷ್ಯ ಎಳೆಯುವ ರಿಕ್ಷಾ ಅಲ್ಲಿ ಇನ್ನೂ ಇದೆ. ಅದರಲ್ಲಿ ನಾವಾರೂ ಕೂಡ್ರಲಿಲ್ಲ.

ಫ್ರೀ ಸ್ಕೂಲ್ ಸ್ಟ್ರೀಟ್ ಎಂಬ ಬೀದಿಗೆ ಈಗ ಮಿರ್ಜಾ ಗಾಲಿಬ್ ಹೆಸರು. ಅಲ್ಲಿಯ ಆರ್ಮೇನಿಯನ್ ಕಾಲೇಜಿನ ಮುಂದೆ ನಾನು ನಿಂತುಬಿಟ್ಟೆ. ‘ವ್ಯಾನಿಟಿ ಫೇರ್’ ಬರೆದ ಥ್ಯಾಕರೆ 1811ರಲ್ಲಿ ಹುಟ್ಟಿದ್ದು ಅಲ್ಲಿಯೇ. ಕಿತ್ತೂರಿನ ದತ್ತಕವನ್ನು ಒಪ್ಪದೆ ಯುದ್ಧದಲ್ಲಿ ಸತ್ತ ಕಲೆಕ್ಟರ ಥ್ಯಾಕರೆ ಈ ಕಾದಂಬರಿಕಾರನ ಚಿಕ್ಕಪ್ಪ! ಕೂಸು ತರಲು ಬಂದ ಕಿತ್ತೂರ ಸೀಮೆಯ ನಾವು ಅವರ ಮನೆಯ ಬಾಗಿಲಲ್ಲಿ ನಿಂತಿದ್ದೆವು. ಮಾಮಾ ಅವರಿಗೆ ಇದನ್ನು ಹೇಳಿದಾಗ, “ಮತ್ತ ಇವರು ಏನರ ತಕರಾರ ತಗದಾರು, ನಡಿ” ಎಂದರು. ತಂದೆ ತೀರಿಕೊಂಡ ಮೇಲೆ ಐದು ವರ್ಷದ ಆ ಹುಡುಗನನ್ನು ತಾಯಿಯಿಂದ ಅಗಲಿಸಿ ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿದ್ದರು. ಅಕ್ಕ ಇದೊಂದನ್ನೇ ಕಿವಿಗೊಟ್ಟು ಕೇಳಿದಳು. “ಹಡಗನ್ಯಾಗ ಅವನ ಮಾತ ತಿಳಿಯೂವರು ಯಾರರ ಇದ್ದರೇನು?” ಎಂದು ಕೇಳಿದಳು.

ಕುಮಾರಟುಲಿಯಲ್ಲಿ ಒಂದು ಇಡೀ ಮಧ್ಯಾಹ್ನ ಕಳೆದೆವು. ಮೂರ್ತಿಕಾರರ ಓಣಿ ಅದು. ಸರಸ್ವತೀ ಪೂಜೆ ಸಮೀಪಿಸಿದ್ದರಿಂದ ಗಲ್ಲಿಯ ಎರಡೂ ಬದಿಗೆ ನೂರಾರು ಸರಸ್ವತಿಯರು: ಹುಲ್ಲಿನ ಮೈಯವರು, ಹಸಿಮಣ್ಣಿನ ಮೈಯವರು, ಬಣ್ಣ ಬಳಿಸಿಕೊಂಡು ಕಣ್ಣು ಬರೆಸಿಕೊಳ್ಳಲು ಕಾದವರು. ಅಕ್ಕ ಚೀಲದಿಂದ ಕಟ್ಟಿಗೆಯ ಗಿಳಿಯನ್ನು ತೆಗೆದು ಒಬ್ಬ ಮುದುಕನಿಗೆ ತೋರಿಸಿದಳು. ಆತ ಅದನ್ನು ತಿರುಗಿಸಿ ನೋಡಿ, ಬಣ್ಣದ ಮೇಲೆ ಉಗುರು ಎಳೆದು, ತಲೆಯಾಡಿಸಿದ. ಒಂದು ಮಾತೂ ಬೇಕಾಗಲಿಲ್ಲ. ನಾನು ದುಭಾಷಿಯಾಗಿ ಬಂದದ್ದು ವ್ಯರ್ಥವೆನಿಸಿದ ದಿನ ಅದು.

ಊಟದ ಪ್ರಶ್ನೆ ಮಾತ್ರ ಬಿಡಿಸಲಾರದಾಯಿತು. ನಮ್ಮದು ಲಿಂಗವಂತರ ಮನೆ. ಕೂಸಿಗೆ ಮೀನು-ಅನ್ನವೆಂದರೆ ಪ್ರಾಣವೆಂದು ಮಾಶಿ ಹೇಳಿದಳು. “ನಮ್ಮ ಮನ್ಯಾಗ ಅದ ಆಗೂದಿಲ್ಲ” ಎಂದು ಮಾಮಾ ಮೆಲ್ಲಗೆ ಅಂದರು. ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮರುದಿನ ಮಾಶಿಯ ಹತ್ತಿರ ಕುಳಿತು ಬೇಳೆಗೆ ಅವರು ಕೊಡುವ ಒಗ್ಗರಣೆಯನ್ನು ಕಲಿತಳು. ಪೇಟೆಯಲ್ಲಿ ಸಾಸಿವೆಯೆಣ್ಣೆಯನ್ನೂ ಪಂಚಫೋಡನವೆಂಬ ಐದು ಕಾಳುಗಳ ಮಿಶ್ರಣವನ್ನೂ ಕೊಂಡಳು. ಚಳಿಗಾಲದಲ್ಲಿ ಮಾತ್ರ ಸಿಗುವ ಈಚಲ ಬೆಲ್ಲದ ಸಂದೇಶವನ್ನು ತಿಂದು, ಕಬ್ಬಿನ ಸೀಮೆಯಲ್ಲಿ ಬೆಳೆದ ಆಕೆ “ಬೆಲ್ಲ ಅಂದರ ನಮ್ಮದ ಅಂತ ತಿಳಿದಿದ್ನಿ” ಎಂದು ಒಪ್ಪಿಕೊಂಡಳು.

ದಿನವೂ ಸಂಜೆ ಅಜ್ಜಿಯ ಫೋನು. ಬಂಗಾಳವನ್ನು ಆಳಿದ ಸೇನ ಅರಸರು ಶಾಸನದಲ್ಲಿ ತಮ್ಮನ್ನು ಕರ್ಣಾಟ ಕ್ಷತ್ರಿಯರ ವಂಶದವರೆಂದು ಕರೆದುಕೊಂಡಿದ್ದಾರೆ. ಇತಿಹಾಸದ ತಾಸಿನಲ್ಲಿ ಕೇಳಿದ ಈ ಸಂಗತಿಯನ್ನು ಅಜ್ಜಿಗೆ ಹೇಳಿ, ಕೂಸು ನಮ್ಮ ಕಡೆಯದೇ ಇರಬಹುದೆಂದೆ. ಅಜ್ಜಿ ಸ್ವಲ್ಪ ಸುಮ್ಮನಿದ್ದು, “ಹಂಗಾರ ಹೋದವರಿಗಿ ಮರಳಿ ಬರಾಕ ಇಷ್ಟ ದಿನಾ ಹಿಡೀತೇನು?” ಎಂದಳು.

ಒಂಬತ್ತನೆಯ ದಿನ ಹೊರಟೆವು. ಮಾಶಿ ಕೂಸನ್ನು ಮಲಗಿಸುವಾಗ ಹಾಡುವ ಜೋಗುಳವನ್ನು ಅಕ್ಕ ನನ್ನ ಮೊಬೈಲಿನಲ್ಲಿ ಹಿಡಿಸಿದ್ದಳು. ಹಾಡಿನ ನಡುವೆ ಮಾಶಿಯ ಕಂಠ ಬಿಗಿದು ನಿಲ್ಲುತ್ತದೆ. ಅದೂ ಹಾಗೆಯೇ ಇದೆ. ರೈಲಿನಲ್ಲಿ ಕೂಸು “ಮಾಶಿ, ಮಾಶಿ” ಎಂದು ಖರಗಪುರದಿಂದ ಭುವನೇಶ್ವರದವರೆಗೆ ಅತ್ತಿತು. ಕನ್ನಡ ಮಾತಾಡುವ ಮೂವರ ನಡುವೆ ಬಂಗಾಳಿಯಲ್ಲಿ ಅಳುವ ಕೂಸು! ಎದುರಿನವರು ನಮ್ಮನ್ನು ನೋಡಿದ ರೀತಿ ಬೇರೆಯಾಯಿತು. ಯಾರೋ ತಿಳಿಸಿರಬೇಕು, ರೈಲ್ವೆ ಪೊಲೀಸರೊಬ್ಬರು ಬಂದು, ಕೂಸು ಯಾರದೆಂದು ಕೇಳಿದರು. ಮಾಮಾ ಕಾಗದಗಳ ಚೀಲವನ್ನು ಬಿಚ್ಚುತ್ತಿರುವಾಗಲೇ ಅಕ್ಕ ತನ್ನ ಎಂಟು ದಿನದ ಬಂಗಾಳಿಯಲ್ಲಿ ಕೂಸಿಗೆ “ಭೋಯ್ ನೇಯ್, ಮಾ, ಭೋಯ್ ನೇಯ್” ಎನ್ನುತ್ತಿದ್ದಳು. ಭಯವಿಲ್ಲ ಎಂದರ್ಥ. ಆತ ಕಾಗದಗಳನ್ನು ನೋಡಿದರು, ನೋಡಬೇಕಾದದ್ದೇ. ಆಮೇಲೆ ಮಾತಿಲ್ಲದೆ ಕೂಸಿನ ತಲೆ ಸವರಿ ಹೋದರು. ಜೋಗುಳವನ್ನು ಎಷ್ಟು ಸಲ ಹಚ್ಚಿದೆವೋ ಲೆಕ್ಕವಿಲ್ಲ. ಗೋದಾವರಿಯ ಸೇತುವೆ ಬರುವ ಹೊತ್ತಿಗೆ ಮೊಬೈಲೂ ಕೂಸೂ ಎರಡೂ ಮಲಗಿದ್ದವು.

ದತ್ತಕದ ಆದೇಶ ಎರಡು ತಿಂಗಳ ಮೇಲೆ ಬಂದಿತು. ಅಷ್ಟರೊಳಗೆ ಅಜ್ಜಿಗೂ ಕೂಸಿಗೂ ಒಂದು ವ್ಯವಹಾರ ಬೆಳೆದುಬಿಟ್ಟಿತ್ತು. ಬಂದ ಮರುದಿನ ಕೂಸು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಅಜ್ಜಿಗೆ “ಜೋಲ್” ಎಂದಿತು. ಅಜ್ಜಿ ಒಲೆ ಬಿಟ್ಟು ಎದ್ದು ಬಂದಳು. “ನೋಡ್ರೇ, ಬಂಗಾಲದಾಗೂ ಜ್ವಾಳ ತಿಂತಾರ!” ಎಂದು, ಬಿಸಿ ರೊಟ್ಟಿಯ ತುಣುಕನ್ನು ಹಾಲಿನಲ್ಲಿ ನೆನೆಸಿ ಬಾಯಿಗಿಟ್ಟಳು. ಕೂಸು ಕಣ್ಣರಳಿಸಿ ಅಗಿದು ನುಂಗಿತು. ಹೇಳಹೊರಟ ನನ್ನನ್ನು ಅಕ್ಕ ಕಣ್ಸನ್ನೆಯಿಂದ ತಡೆದಳು. ಇನ್ನೊಂದು ತುಣುಕು, ಮತ್ತೊಂದು. ಅರ್ಧ ರೊಟ್ಟಿ ಮುಗಿದ ಮೇಲೆ ಕೂಸು ಮತ್ತೆ “ಜೋಲ್” ಎಂದಾಗ ಅಕ್ಕ ಮೆಲ್ಲನೆ ಎದ್ದು ನೀರಿನ ಲೋಟ ತಂದಳು.